ಒಂದು ಅಧ್ಯಯನ

ರಾಜ್ಯಶಾಸ್ತ್ರ ಕಲಿಸುವವನಿಗೆ ಊರ ಮಂದಿ ಕೇಳುವ ಪ್ರಶ್ನೆ ಒಂದೇ: "ಸರ್, ಈ ಸಲ ಯಾರ್ ಬರ್ತಾರ್ರಿ?" ಗಣಿತದವರನ್ನು ಯಾರೂ ಹಾದಿಯಲ್ಲಿ ತಡೆದು ಹತ್ತೊಂಬತ್ತರ ಮಗ್ಗಿ ಕೇಳುವುದಿಲ್ಲ. ಭೂಗೋಳದವರನ್ನು ಮದುವೆ ಪಂಕ್ತಿಯಲ್ಲಿ ಮಳೆ ಯಾವಾಗ ಎಂದು ಕೇಳುವವರು ಒಬ್ಬಿಬ್ಬರು ಇದ್ದಾರು. ನಮಗೆ ಮಾತ್ರ ಬಸ್ ಸ್ಟ್ಯಾಂಡು, ಬ್ಯಾಂಕು, ಸಾವಿನ ಮನೆ ಎಂಬ ಭೇದವಿಲ್ಲ. ಬೀದರದ ಚೌಬಾರಾದ ಹತ್ತಿರ ನಾನು ಕಟಿಂಗ್ ಮಾಡಿಸುವ ಅಂಗಡಿಯವನಂತೂ ಕತ್ತರಿಯನ್ನು ಕಿವಿಯ ಹತ್ತಿರ ತಂದು ನಿಲ್ಲಿಸಿಯೇ ಕೇಳುತ್ತಾನೆ. ಆ ಸ್ಥಿತಿಯಲ್ಲಿ ಯಾವ ಪಕ್ಷದ ಹೆಸರು ಹೇಳಲೂ ಧೈರ್ಯ ಬಾರದು. "ಹೇಳಲಿಕ್ಕೆ ಬರಲ್ಲ, ಪೈಪೋಟಿ ಅದ" ಎನ್ನುತ್ತೇನೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಇವರಿಗೆ ಸರಕಾರ ಪಗಾರ ಯಾಕೆ ಕೊಡುತ್ತದೋ ಎಂಬಂತೆ ಉಸಿರುಬಿಟ್ಟು, ತಾನೇ ಶುರು ಮಾಡುತ್ತಾನೆ. ಯಾವ ಓಣಿಯವರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಯಾರ ಬೀಗರು ಯಾರ ಟಿಕೆಟಿಗೆ ಅಡ್ಡ ಬಂದರು, ಯಾವ ಹಳ್ಳಿಯಲ್ಲಿ ಬೋರ್‌ವೆಲ್ ಕೊರೆದು ಮೋಟರು ಇಳಿಸದೆ ಬಿಟ್ಟಿದ್ದಾರೆ, ಎಲ್ಲ ಬಾಯಿಪಾಠ. ಎಣಿಕೆಯ ದಿನ ನೋಡಿದರೆ ಅವನ ಲೆಕ್ಕ ಹೆಚ್ಚು ತಪ್ಪಿರುವುದಿಲ್ಲ. ನನ್ನ ಹತ್ತಿರ ಇರುವುದು ಮಾಂಟೆಸ್ಕ್ಯೂ. ಅಧಿಕಾರ ವಿಭಜನೆಯ ಬಗ್ಗೆ ಬೇಕಾದಷ್ಟು ಹೇಳಿದ್ದಾನೆ, ಬೋರ್‌ವೆಲ್ ಮೋಟರಿನ ಬಗ್ಗೆ ಏನೂ ಹೇಳಿಲ್ಲ.

ನಮ್ಮ ಸೀಮೆಯಲ್ಲಿ ರಾಜಕಾರಣ ಗೊತ್ತಿಲ್ಲದವರು ಎರಡೇ ತರದವರು ಎಂದು ನನಗೆ ಅನಿಸುತ್ತದೆ. ತೊಟ್ಟಿಲ ಕೂಸುಗಳು ಮತ್ತು ರಾಜ್ಯಶಾಸ್ತ್ರದ ಅಧ್ಯಾಪಕರು. ಕೂಸುಗಳು ಬೆಳೆದು ಸುಧಾರಿಸುತ್ತವೆ.

ಹುಡುಗರು ಈ ವಿಷಯ ಹಿಡಿಯುವುದಕ್ಕೆ ಕಾರಣಗಳು ಸರಳ. ಎಚ್‌ಇಪಿ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಪಿಎಸ್‌ಐ, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಅನುಕೂಲ, ಪ್ರಾಕ್ಟಿಕಲ್ ಇಲ್ಲ, ಬೆಳಗಿನ ಬಸ್ಸು ತಪ್ಪಿದರೂ ನಡೆಯುತ್ತದೆ. ಸಂವಿಧಾನದ 14ನೇ ವಿಧಿ ಏನು ಹೇಳುತ್ತದೆ ಎಂದರೆ ತಲೆ ಕೆರೆದುಕೊಳ್ಳುವವರು, 371ಜೆ ಎಂದ ಕೂಡಲೇ ಎದ್ದು ನಿಲ್ಲುತ್ತಾರೆ. 98ನೇ ತಿದ್ದುಪಡಿ, 2012. ನಮ್ಮ ಸೀಮೆಯವರಿಗೆ ಮೀಸಲಾತಿ ಸಿ ದರ್ಜೆಯ ಹುದ್ದೆಗೆ ಶೇ. 80, ಡಿ ದರ್ಜೆಗೆ ಶೇ. 85, ಅರ್ಹತಾ ಪತ್ರ ಎಲ್ಲಿ ಸಿಗುತ್ತದೆ, ಯಾವ ಟೇಬಲ್ಲಿನಲ್ಲಿ ಎಷ್ಟು ದಿನ ಕೂರುತ್ತದೆ, ಎಲ್ಲ ಗೊತ್ತು. ಸಂವಿಧಾನದ ಒಂದು ವಿಧಿಯನ್ನು ಇಷ್ಟು ಪ್ರೀತಿಯಿಂದ ಕಲಿತ ತರುಣರು ದೇಶದ ಬೇರೆ ಮೂಲೆಯಲ್ಲಿ ಸಿಗುವುದು ಅನುಮಾನ.

ಮೊದಲ ವರ್ಷದ ಮೊದಲ ಪಾಠ ರಾಜ್ಯದ ನಾಲ್ಕು ಘಟಕಗಳು: ಜನಸಂಖ್ಯೆ, ನಿರ್ದಿಷ್ಟ ಭೂಪ್ರದೇಶ, ಸರಕಾರ, ಪರಮಾಧಿಕಾರ. ಮೈಸೂರು ಕಡೆಯ ಗೆಳೆಯರು ಇದನ್ನು ಒಂದೇ ಅವಧಿಯಲ್ಲಿ ಮುಗಿಸುತ್ತಾರಂತೆ. ಬೀದರದಲ್ಲಿ 'ನಿರ್ದಿಷ್ಟ ಭೂಪ್ರದೇಶ'ದ ಹತ್ತಿರವೇ ಗಾಡಿ ನಿಲ್ಲುತ್ತದೆ. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯನ್ನು ಮೂರು ಕಡೆ ಹಂಚಿದರು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದು ಆಂಧ್ರಕ್ಕೆ ಹೋದವು. ಅದರಲ್ಲೂ ಜಹೀರಾಬಾದ ತಾಲ್ಲೂಕಿನ ನಿರ್ಣಾ ಸರ್ಕಲ್ ಮಾತ್ರ ನಮ್ಮ ಕಡೆ ಉಳಿಯಿತು. ಬೀದರ ತಾಲ್ಲೂಕಿನದೇ ಆದ ನ್ಯಾಲಕಲ್ ಸರ್ಕಲ್ ಆ ಕಡೆ ಹೋಯಿತು. ಉಳಿದದ್ದು ಮೈಸೂರಿಗೆ ಬಂತು. ಇಷ್ಟು ಹೇಳಿ ತಿರುಗಿದರೆ ಹಿಂದಿನ ಬೆಂಚಿನಿಂದ ದನಿ ಬರುತ್ತದೆ: "ಸರ್, ನಮ್ಮ ಸೋದರಮಾವನ ಮನಿ ಉದಗೀರದಾಗ ಅದ." ಇನ್ನೊಬ್ಬಳ ಅಕ್ಕನನ್ನು ಕೊಟ್ಟದ್ದು ನಾರಾಯಣಖೇಡಕ್ಕೆ. ರಾಜ್ಯ ಪುನರ್ವಿಂಗಡಣೆ ಕಾಯಿದೆ ಬೀಗತನಗಳನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಬೀಗರೂ ಕಾಯಿದೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಮುತ್ಯಾ ಇದ್ದರು. ನಿಜಾಮನ ರಾಜ್ಯದಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗ, 1948ರ ಸೆಪ್ಟೆಂಬರಿನಲ್ಲಿ, ಪೊಲೀಸ್ ಆಕ್ಷನ್ ಆಗಿ ಭಾರತದವರಾದರು. 1956ರಲ್ಲಿ ಮೈಸೂರು ರಾಜ್ಯದವರು, 1973ರಲ್ಲಿ ಕರ್ನಾಟಕದವರು. ಹೈದರಾಬಾದ್ ಕರ್ನಾಟಕ ಎಂಬುದು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಇಷ್ಟೂ ರಾಜ್ಯಗಳನ್ನು ಅವರು ಒಂದೇ ಮನೆಯ ಒಂದೇ ಕಟ್ಟೆಯ ಮೇಲೆ ಕೂತು ಕಂಡರು. "ನಾ ಎಲ್ಲಿ ಹೋಗಿಲ್ಲ ತಮ್ಮಾ. ಸರಕಾರಗಳೇ ಬಂದು ಹೋಗ್ಲತ್ತಾವ" ಎಂದು ನನ್ನ ವಿದ್ಯಾರ್ಥಿಯೊಬ್ಬನಿಗೆ ಹೇಳಿದರಂತೆ. ಅವನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದ. ಪ್ರಬಂಧದಲ್ಲಿ ಮಾತ್ರ ಬಿಟ್ಟುಬಿಟ್ಟಿದ್ದ. ಯಾಕಪ್ಪಾ ಎಂದರೆ, "ಅದು ಮುತ್ಯಾನ ಮಾತ್ರಿ ಸರ್, ರೆಫರೆನ್ಸ್ ಇಲ್ಲ" ಎಂದ. ಬದಲಿಗೆ ಅದೇ ಅರ್ಥವನ್ನು ದಿಲ್ಲಿಯ ಒಬ್ಬ ಪ್ರೊಫೆಸರ ಪುಸ್ತಕದಿಂದ ಅರ್ಧ ಪುಟ ಎತ್ತಿ ಹಾಕಿದ್ದ.

ಗಡಿಯ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಸಂಯುಕ್ತ ಮಹಾರಾಷ್ಟ್ರದವರ ಘೋಷಣೆಯಲ್ಲಿ ಬೆಳಗಾವಿ, ಕಾರವಾರ, ನಿಪ್ಪಾಣಿಗಳ ಜೊತೆಗೆ ಬೀದರ, ಭಾಲ್ಕಿಗಳ ಹೆಸರೂ ಇದೆ. 1966ರಲ್ಲಿ ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು; ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ; 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇದನ್ನೆಲ್ಲ ಬಹಳ ಗಂಭೀರವಾಗಿ ಹೇಳುತ್ತಿದ್ದಾಗ ಔರಾದ ಕಡೆಯ ಹುಡುಗನೊಬ್ಬ ಮುಖ ಸಣ್ಣದು ಮಾಡಿ ಕೇಳಿದ: "ಸರ್, ಘೋಷಣೆದಾಗ ಭಾಲ್ಕಿ ಹೆಸರದ, ನಮ್ಮ ಔರಾದ ಯಾರಿಗೂ ಬ್ಯಾಡೇನ್ರಿ?" ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಾಗ ಔರಾದಕ್ಕೆ ಆ 39ರಲ್ಲಿ ಜಾಗ ಸಿಕ್ಕಿತು ಎಂದು ಸಮಾಧಾನ ಹೇಳಿದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಭಾಲ್ಕಿಯದು ಬೇರೆ ಗತ್ತು. ಅಲ್ಲಿಯ ವಿದ್ಯಾರ್ಥಿಗಳಿಗೆ ರಾಜಕೀಯ ಬಾಧ್ಯತೆ, ಅಂದರೆ ಸರಕಾರ ಹೇಳಿದ್ದನ್ನು ಪ್ರಜೆ ಎಲ್ಲಿಯವರೆಗೆ ಕೇಳಬೇಕು ಎಂಬ ಪಾಠ ಮಾಡುವಾಗ ಪಠ್ಯಪುಸ್ತಕ ಥೋರೋನನ್ನು ಕರೆತರುತ್ತದೆ. ನಾನು ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ಕರೆತರುತ್ತೇನೆ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು. ಥೋರೋ ತೆರಿಗೆ ಕೊಡದೆ ಒಂದು ರಾತ್ರಿ ಜೈಲಿನಲ್ಲಿದ್ದ. ಪಟ್ಟದ್ದೇವರು ಸರಕಾರಕ್ಕೆ ಬೇಕಾದ ಬೋರ್ಡನ್ನು ಸರಕಾರಕ್ಕೆ ಕೊಟ್ಟು ಮಕ್ಕಳಿಗೆ ಬೇಕಾದ ಅಕ್ಷರವನ್ನು ಮಕ್ಕಳಿಗೆ ಕೊಟ್ಟರು. ಪ್ರತಿರೋಧದ ಈ ಬಗೆಗೆ ಪಾಶ್ಚಾತ್ಯ ರಾಜಕೀಯ ಚಿಂತನೆಯಲ್ಲಿ ಸರಿಯಾದ ಅಧ್ಯಾಯ ಇಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಹೀಗೆ ಆವೇಶದಿಂದ ಹೇಳುತ್ತಿದ್ದಾಗ ಒಬ್ಬ ಹುಡುಗ ತಣ್ಣಗೆ ಅಂದ: "ಈಗೂ ಹಂಗೇ ಅದ್ರಿ ಸರ್. ಹೊರಗ ಡಿಗ್ರಿ ಕಾಲೇಜಂತ ಬೋರ್ಡು, ಒಳಗ ಪಿಎಸ್‌ಐ ಕೋಚಿಂಗು."

ಇನ್ನು ಸಂಶೋಧನೆಯ ವಿಷಯ. ಎಂ.ಎ. ಕಿರುಪ್ರಬಂಧವಾಗಲಿ, ಪಿಎಚ್.ಡಿ. ಮಹಾಪ್ರಬಂಧವಾಗಲಿ, ಶೀರ್ಷಿಕೆಯ ಕೊನೆಗೆ 'ಒಂದು ಅಧ್ಯಯನ' ಎಂದು ಇರಲೇಬೇಕು. ಅದಿಲ್ಲದಿದ್ದರೆ ಓದುವವರು ಇದನ್ನು ಕಾದಂಬರಿ ಎಂದುಕೊಂಡಾರು ಎಂಬ ಭಯವಿರಬೇಕು. ವಿದ್ಯಾರ್ಥಿ ಮೊದಲು ಬರುವಾಗ 'ಬೀದರ ಜಿಲ್ಲೆಯ ರಾಜಕಾರಣ: ಒಂದು ಅಧ್ಯಯನ' ಎಂದು ಬರೆದುಕೊಂಡು ಬರುತ್ತಾನೆ. ಬಹಮನಿಗಳಿಂದ ಹಿಡಿದು ಮೊನ್ನೆಯ ಪಟ್ಟಣ ಪಂಚಾಯತಿ ಚುನಾವಣೆವರೆಗೂ ಎಲ್ಲ ಅವನದೇ. ಗೈಡಿನ ಮೊದಲ ವರ್ಷದ ಕೆಲಸವೆಂದರೆ ಕಡಿಮೆ ಮಾಡುವುದು. ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ ಇಳಿಸಬೇಕು. ಕಡೆಗೆ ಒಂದಿಷ್ಟು ಗ್ರಾಮ ಪಂಚಾಯತಿಗಳಿಗೆ ಬಂದು ನಿಂತಾಗ ಅವನ ಮುಖದಲ್ಲಿ ಆಸ್ತಿ ಪಾಲಾದವನ ದುಃಖ ಇರುತ್ತದೆ.

ಭಾಲ್ಕಿಯ ಹುಡುಗನೊಬ್ಬನಿಗೆ 'ರಾಜಕೀಯ ನಾಯಕತ್ವ' ಬೇಕಿತ್ತು. ಅಲ್ಲಿ ನಾಯಕತ್ವ ಎಂದರೆ ಖಂಡ್ರೆ ಮನೆತನದ ಹೆಸರನ್ನು ಬಿಟ್ಟು ಒಂದು ಪುಟ ಮುಂದೆ ಹೋಗಲಾಗದು. ಭೀಮಣ್ಣ ಖಂಡ್ರೆ ಮಂತ್ರಿಯಾಗಿದ್ದವರು, ಮಗ ಈಶ್ವರ ಖಂಡ್ರೆ ಮಂತ್ರಿ, ಮೊಮ್ಮಗ ಸಾಗರ ಖಂಡ್ರೆ 2024ರಲ್ಲಿ ಬೀದರದ ಸಂಸದ, ಆಗ ವಯಸ್ಸು 26. ಹಾಗಾದರೆ ವಿರೋಧ ಪಕ್ಷದ ಅಧ್ಯಾಯ ಮಾಡು, ಸಮತೋಲ ಬರುತ್ತದೆ ಎಂದೆ. ಹುಡುಗ ನಕ್ಕ. 2023ರ ವಿಧಾನಸಭೆ ಚುನಾವಣೆಯಲ್ಲಿ ಭಾಲ್ಕಿಯ ಕಾಂಗ್ರೆಸ್ ಅಭ್ಯರ್ಥಿ ಈಶ್ವರ ಖಂಡ್ರೆ, ಬಿಜೆಪಿ ಅಭ್ಯರ್ಥಿ ಪ್ರಕಾಶ ಖಂಡ್ರೆ. ದ್ವಿಪಕ್ಷ ಪದ್ಧತಿಯನ್ನು ಇಂಗ್ಲೆಂಡಿನಿಂದ ಉದಾಹರಿಸುವ ನಮ್ಮ ಪಠ್ಯಪುಸ್ತಕ ಬರೆಯುವವರು ಒಮ್ಮೆ ಭಾಲ್ಕಿ ಸ್ಟೇಶನ್ನಿನಲ್ಲಿ ಇಳಿಯಬೇಕು.

ಆ ಹುಡುಗ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಒಂದು ತಟ್ಟೆ ಸುಶಲಾ ಮುಗಿಯುವುದರೊಳಗೆ ತನ್ನ ತಾಲ್ಲೂಕಿನ ರಾಜಕಾರಣವನ್ನು ಬಿಚ್ಚಿ ತೋರಿಸಿದ. ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು ಯಾವಾಗ ಬಂದರೆ ಮತ ಎತ್ತ ಹೋಗುತ್ತದೆ, ಮರಾಠಾ ಓಣಿಯ ಲೆಕ್ಕ ಬೇರೆ ಯಾಕೆ, ಸೊಸೈಟಿ ಸಾಲ ಯಾರ ಫೋನಿಗೆ ಬೇಗ ಮಂಜೂರಾಗುತ್ತದೆ. ನಾನು ಕೇಳುತ್ತ ಕೂತೆ; ಚಹಾ ಎರಡನೆಯ ಸಲ ಬಂತು. ಹದಿನೈದು ದಿನದ ನಂತರ ಅಧ್ಯಾಯ ಬರೆದು ತಂದ. ಮೊದಲ ವಾಕ್ಯ: 'ಮಾನವನು ಸಮಾಜ ಜೀವಿ.' ಎರಡನೆಯದು ಅರಿಸ್ಟಾಟಲನದು. ಮುಂದೆ ಎಲ್ಲೋ 'ಸ್ಥಳೀಯ ನಾಯಕತ್ವವು ಬಹುಮುಖಿ ಆಯಾಮಗಳನ್ನು ಹೊಂದಿರುವುದು ಕಂಡುಬರುತ್ತದೆ' ಎಂದಿತ್ತು. ಕಬ್ಬಿನ ಬಿಲ್ಲು ಎಲ್ಲೂ ಇರಲಿಲ್ಲ.

"ಅವತ್ತು ಹೋಟೆಲಿನ್ಯಾಗ ಹೇಳಿದ್ದನ್ನೇ ಬರಿಯಪ್ಪಾ" ಎಂದೆ.

"ಅದು ಹರಟಿ ಅಲ್ಲೇನ್ರಿ ಸರ್? ಇದು ಪಿಎಚ್.ಡಿ."

ನನ್ನ ಮಾರ್ಗದರ್ಶನದ ಬಹುಭಾಗ ಈ ಎರಡು ವಾಕ್ಯಗಳ ನಡುವೆ ಕಳೆದುಹೋಗಿದೆ. ನಮ್ಮ ಹುಡುಗರಿಗೆ ಗೊತ್ತಿಲ್ಲ ಎಂಬುದಲ್ಲ ಸಮಸ್ಯೆ. ತಮಗೆ ಗೊತ್ತಿರುವುದು ಜ್ಞಾನ ಎಂದು ಅವರಿಗೆ ಯಾರೂ ಹೇಳಿಲ್ಲ. ಬಾಲವಾಡಿಯಿಂದ ಎಂ.ಎ.ವರೆಗೆ ನಾವೆಲ್ಲ ಸೇರಿ, ಪುಸ್ತಕದಲ್ಲಿರುವುದು ಬೇರೆ, ಊರಲ್ಲಿರುವುದು ಬೇರೆ ಎಂದು ಚೆನ್ನಾಗಿ ಕಲಿಸಿಟ್ಟಿದ್ದೇವೆ. ಆದ್ದರಿಂದ ಪ್ರಬಂಧ ಅಥೆನ್ಸಿನಿಂದ ಹೊರಟು, ರೋಮು ಲಂಡನ್ನು ಎಲ್ಲ ದಾಟಿ, ವೇದಕಾಲದಲ್ಲಿ ಸ್ವಲ್ಪ ತಂಗಿ, ನೂರು ಪುಟವಾದ ಮೇಲೆ ಔರಾದ ಮುಟ್ಟುತ್ತದೆ. ಮುಟ್ಟಿದ ಮೇಲಾದರೂ ಕೆಲಸಕ್ಕೆ ಹತ್ತುತ್ತದೆಯೇ? ಇಲ್ಲ. 'ಅಧ್ಯಯನ ಕ್ಷೇತ್ರದ ಪರಿಚಯ' ಎಂಬ ಅಧ್ಯಾಯ ಬರುತ್ತದೆ. ಅದರಲ್ಲಿ ಅಕ್ಷಾಂಶ, ರೇಖಾಂಶ, ಮಳೆ, ಮಣ್ಣಿನ ಬಗೆ, ಕೋಟೆ, ಬಿದರಿ ಕಲೆ, ಗುರುದ್ವಾರ. ಜಿಲ್ಲಾ ಪಂಚಾಯತಿಯ ಸ್ಥಾಯಿ ಸಮಿತಿಗಳ ಬಗ್ಗೆ ಬರೆಯುವವನಿಗೆ ಸೋಲಾ ಕಂಬ ಮಸೀದಿ ಯಾಕಯ್ಯಾ ಎಂದು ಕೇಳಿದರೆ, "ಪುಟ ಆಗಬೇಕಲ್ರಿ ಸರ್" ಎಂಬ ಪ್ರಾಮಾಣಿಕ ಉತ್ತರ ಬರುತ್ತದೆ.

ಬೀದರಕ್ಕೆ ಬಂದ ಮೊದಲ ಕ್ಷೇತ್ರಕಾರ್ಯದವ ಯಾರೆಂದು ನನ್ನನ್ನು ಕೇಳಿದರೆ ನಾನು ಅಫನಾಸಿ ನಿಕಿತಿನನ ಹೆಸರು ಹೇಳುತ್ತೇನೆ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ. 15ನೇ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ, ಕುದುರೆ ಮಾರಲು ಬಂದವನು. ಅವನ ಬಳಿ ಪ್ರಶ್ನಾವಳಿ ಇರಲಿಲ್ಲ, ವಿಭಾಗದ ಮುಖ್ಯಸ್ಥರ ಪತ್ರ ಇರಲಿಲ್ಲ. ಅಮೀರರು ಮೆರೆಯುತ್ತಿದ್ದಾರೆ, ಹಳ್ಳಿಗರು ಬಡತನದಲ್ಲಿದ್ದಾರೆ ಎಂದು ಕಂಡದ್ದನ್ನು ಬರೆದಿಟ್ಟು ಹೋದ. ಅರಿಸ್ಟಾಟಲನಿಂದ ಶುರು ಮಾಡದಿದ್ದರೂ ಅವನ ಬರಹ ಇವತ್ತಿಗೂ ಓದುತ್ತಾರೆ.

ಕ್ಷೇತ್ರಕಾರ್ಯಕ್ಕೆ ಹೋಗುವಾಗ ಪಂಚಾಂಗ ನೋಡಿಕೊಂಡು ಹೋಗಬೇಕು. ಎಳ್ಳ ಅಮಾವಾಸ್ಯೆಯ ದಿನ ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೋದ ನನ್ನ ಇಬ್ಬರು ವಿದ್ಯಾರ್ಥಿಗಳಿಗೆ ಸಿಕ್ಕವರು ನಾಯಿಗಳು ಮಾತ್ರ. ಊರಿಗೆ ಊರೇ ಹೊಲದಲ್ಲಿತ್ತು. ಕರಿ ಮಣ್ಣಿನಲ್ಲಿ ನಡೆದು ಹೊಲ ಮುಟ್ಟಿದರೆ, ಚರಗ ಚೆಲ್ಲಿ ಪೂಜೆ ಮುಗಿಸಿದ ಮಂದಿ, "ಬರ್ರಿ ಬರ್ರಿ, ಮೊದಲ ಉಂಡು ಆಮ್ಯಾಲ ಕೇಳ್ರಿ" ಎಂದು ಕೂರಿಸಿದರು. ಬೀದರದ ಎಳ್ಳ ಅಮಾವಾಸ್ಯೆಯ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡವರು ಆ ದಿನ 'ಸ್ಥಳೀಯ ಸರಕಾರದ ಕಾರ್ಯವೈಖರಿ ನಿಮಗೆ ತೃಪ್ತಿ ತಂದಿದೆಯೇ' ಎಂದು ಕೇಳುವುದು ಸಾಧ್ಯವಿಲ್ಲ. ಕೇಳಿದರೂ ಉತ್ತರ ತೃಪ್ತಿಯ ಕಡೆಗೇ ವಾಲುತ್ತದೆ. ಮಾದರಿ ಆಯ್ಕೆಯ ದೋಷಗಳ ಬಗ್ಗೆ ಬರೆದ ಪುಸ್ತಕಗಳಲ್ಲಿ ಈ ಅಂಬಲಿ ದೋಷ ಸೇರಬೇಕಾಗಿದೆ.

ಹೆಚ್ಚಿನ ಹುಡುಗಿಯರು ಹಿಡಿಯುವ ವಿಷಯ 'ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ ಮಹಿಳೆಯರ ಪಾತ್ರ'. ಇದಕ್ಕೆ ನಗುವವರಿದ್ದಾರೆ, ನಾನು ನಗುವುದಿಲ್ಲ. ಕರ್ನಾಟಕದ ರಾಜ್ಯಶಾಸ್ತ್ರಕ್ಕೆ ಹೇಳಿಕೊಳ್ಳುವಂಥದ್ದು ಇದ್ದರೆ ಅದು ಇಲ್ಲೇ ಇದೆ. ದೇಶಕ್ಕೆ 73ನೇ ತಿದ್ದುಪಡಿ ಬರುವ ಮೊದಲೇ, 1983ರ ಕಾಯಿದೆಯ ಪ್ರಕಾರ 1987ರಲ್ಲಿ ನಡೆದ ಚುನಾವಣೆಯಲ್ಲಿ ಇಲ್ಲಿ ಹೆಣ್ಣುಮಕ್ಕಳಿಗೆ ಶೇ. 25ರಷ್ಟು ಸ್ಥಾನ ಇತ್ತು. ಆಗಿನ ಮುಖ್ಯಮಂತ್ರಿ ಹೆಗಡೆಯವರ ಸಂಪುಟದ ನಜೀರ್ ಸಾಬರು ಅದರ ಹಿಂದಿದ್ದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ನೀರ್ ಸಾಬ್ ಎಂದು ಹೆಸರಾದವರು. 1993ರ ಕಾಯಿದೆಯಲ್ಲಿ ಮೂರನೇ ಒಂದು ಭಾಗವಾಯಿತು, 2010ರ ತಿದ್ದುಪಡಿಯಿಂದ ಅರ್ಧ. ಅರ್ಧ ಕೊಟ್ಟದ್ದು ಕಾಗದದ ಮೇಲೋ ಕಟ್ಟೆಯ ಮೇಲೋ ಎಂಬುದನ್ನು ಯಾರಾದರೂ ಹೋಗಿ ನೋಡಬೇಕಲ್ಲ.

ನನ್ನ ಒಬ್ಬ ವಿದ್ಯಾರ್ಥಿನಿ ಔರಾದ ತಾಲ್ಲೂಕಿನ ಒಂದು ಪಂಚಾಯತಿಯ ಅಧ್ಯಕ್ಷೆಯ ಮನೆಗೆ ಹೋದಳು. ಹೊಸ ಜಾಗ, ಜೊತೆಗೆ ನಾನೂ ಇದ್ದೆ. ಹೊರಗೆ ಕುರ್ಚಿ ಹಾಕಿ ಕೂರಿಸಿದವರು ಅಧ್ಯಕ್ಷೆಯ ಯಜಮಾನರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. "ಕೇಳ್ರಿ ತಂಗೀ, ಏನ್ ಕೇಳ್ತೀರಿ" ಎಂದರು. ತಂಗಿ ಕೇಳಿದಳು, ಅಣ್ಣ ಹೇಳಿದರು. 'ನೀವು ಸಭೆಗಳಲ್ಲಿ ಭಾಗವಹಿಸುತ್ತೀರಾ?' "ಹೌದು." 'ನಿಮ್ಮ ನಿರ್ಧಾರಗಳಲ್ಲಿ ಪತಿಯ ಹಸ್ತಕ್ಷೇಪ ಇದೆಯೇ?' ಅವರು ಸ್ವಲ್ಪ ಯೋಚಿಸಿ, "ಇಲ್ಲ ಅಂತ ಬರೀರಿ" ಎಂದರು. ಹುಡುಗಿ 'ಇಲ್ಲ'ದ ಮುಂದೆ ಗುರುತು ಹಾಕಿದಳು. ಅಷ್ಟರಲ್ಲಿ ಯಾವುದೋ ಫೋನು ಬಂದು ಅವರು ಅಗಸಿಯ ಕಡೆ ಹೋದರು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಒಳಗ ಬಾರವ್ವಾ" ಎಂದು ಕರೆ ಬಂತು.

ಮುಂದಿನದು ಹುಡುಗಿ ನನಗೆ ಬಂದು ಹೇಳಿದ್ದು. ಪಂಚಾಯತಿಯ ಹಣ ಪಾವತಿ ಆಗಬೇಕಾದರೆ ಪಿಡಿಒ ಮತ್ತು ಅಧ್ಯಕ್ಷರ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಡೋಂಗಲ್ ಎಂಬ ಹೆಬ್ಬೆರಳಿನಷ್ಟು ಸಾಮಾನಿನಲ್ಲಿ. ಈ ಅಧ್ಯಕ್ಷೆ ಅದನ್ನು ಕಂಪ್ಯೂಟರ್ ಆಪರೇಟರನ ಹತ್ತಿರ ಬಿಟ್ಟಿಲ್ಲ, ಗಂಡನ ಕೈಗೂ ಕೊಟ್ಟಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಿದ್ದಾರೆ. ಚರಂಡಿ ಕೆಲಸ ಅರ್ಧಕ್ಕೆ ಬಿಟ್ಟ ಗುತ್ತಿಗೆದಾರನ ಬಿಲ್ಲಿಗೆ ಗಂಡ ಮಾತು ಕೊಟ್ಟು ಬಂದಾಗ, "ಡಬ್ಬಿ ಹುಡುಕ್ರಿ, ಸಿಕ್ಕರ ಒಯ್ರಿ" ಎಂದು ಸುಮ್ಮನಾದರಂತೆ. ಯಜಮಾನರಿಗೆ ಅಡುಗೆಮನೆಯ ಡಬ್ಬಿಗಳ ಪರಿಚಯ ಇರಲಿಲ್ಲ. ಚರಂಡಿ ಪೂರ್ತಿಯಾಯಿತು.

ಹುಡುಗಿ ಪೇಚಿಗೆ ಬಿದ್ದಳು. ಹಸ್ತಕ್ಷೇಪ ಇದೆಯೇ? ಇದೆ. ಅಧಿಕಾರ ಯಾರದು? ಡಬ್ಬಿಯದು. ಪ್ರಶ್ನಾವಳಿಯಲ್ಲಿ 'ಇದೆ', 'ಇಲ್ಲ', 'ಹೇಳಲಾಗದು' ಎಂಬ ಮೂರೇ ಮನೆಗಳಿದ್ದವು. ಇದನ್ನು ಹೇಗೆ ಬರೆದರೆ ಆ ಹೆಣ್ಣುಮಗಳ ಗುರುತು ಸಿಗುವುದಿಲ್ಲ, ಡಬ್ಬಿಯ ಜಾಗ ಬಯಲಾಗುವುದಿಲ್ಲ ಎಂದು ಗುರು ಶಿಷ್ಯೆ ಇಬ್ಬರೂ ಬಹಳ ಹೊತ್ತು ಚರ್ಚೆ ಮಾಡಿದೆವು. ಊರಿನ ಹೆಸರು ತೆಗೆದೆವು, ಚರಂಡಿಯನ್ನು ಉಳಿಸಿದೆವು. ಕೋಷ್ಟಕಗಳಿಗಿಂತ ಆ ಒಂದೂವರೆ ಪುಟವೇ ಪ್ರಬಂಧದ ಜೀವ. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದು ಕೈ ವರ್ಗ ಪರೀಕ್ಷೆ ಯಾಕೆ ಮಾಡಿಲ್ಲ ಎಂದು. ಊಟದ ಹೊತ್ತಿನಲ್ಲಿ ಮಾತ್ರ ಮೆಲ್ಲಗೆ ಪಕ್ಕಕ್ಕೆ ಕರೆದು, "ಆ ಡಬ್ಬಿ ವಿಷಯ ಖರೇನಾ?" ಎಂದು ವಿಚಾರಿಸಿದರು.

ದತ್ತಾಂಶ ಕಳೆದುಕೊಂಡು ಅಳುತ್ತ ಬರುವವರೂ ಇರುತ್ತಾರೆ. ಒಬ್ಬನ ಪೆನ್‌ಡ್ರೈವ್ ಡಿಟಿಪಿ ಅಂಗಡಿಯ ವೈರಸ್ಸಿಗೆ ಬಲಿಯಾಯಿತು. ಅವನಿಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕತೆ ಹೇಳಿದೆ. ಮೈಸೂರು ಸೀಮೆಯ ರಾಂಪುರದಲ್ಲಿ 1948ರಲ್ಲಿ ಇದ್ದು ಮಾಡಿದ ಕ್ಷೇತ್ರಕಾರ್ಯ. ಜೋಡಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿ 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ಅವರು ನೆನಪಿನಿಂದಲೇ ಬರೆಯತೊಡಗಿದರು. ಆ ಪುಸ್ತಕ 1976ರಲ್ಲಿ ಬಂತು, ಅವರ ಪುಸ್ತಕಗಳಲ್ಲೆಲ್ಲ ಹೆಸರಾದದ್ದು. 'ವೋಟ್ ಬ್ಯಾಂಕ್' ಎಂದು ನಮ್ಮ ಕಟಿಂಗ್ ಅಂಗಡಿಯವನು ಆಡುವ ಮಾತನ್ನು ಚಲಾವಣೆಗೆ ತಂದವರೂ ಇವರೇ. ಹುಡುಗ ಮೂಗು ಒರೆಸಿಕೊಂಡು, "ಅವರಿಗಿ ನೆನಪಿತ್ತು ಸರ್, ನಂಗ ನಿನ್ನೆದೇ ನೆನಪಿರಲ್ಲ" ಎಂದ. ಆದರೂ ಕೂತು ಹೇಳು ಎಂದೆ. ಹೇಳಿದ. ಶೇಕಡಾವಾರು ಒಂದೂ ನೆನಪಿರಲಿಲ್ಲ, ಉಳಿದದ್ದೆಲ್ಲ ಇತ್ತು. ಅದನ್ನೇ ಬರೆದುಕೋ ಎಂದೆ. ಅಷ್ಟು ಹೊತ್ತೂ ಅವನಿಗೆ ಅರಿಸ್ಟಾಟಲ್ ನೆನಪಾಗಿರಲಿಲ್ಲ.

ಡಿಟಿಪಿ ಅಂಗಡಿಯ ಮಾತು ಬಂತು. ವಿಶ್ವವಿದ್ಯಾಲಯ ಮನ್ನಿಸದ ಇನ್ನೊಬ್ಬ ಗೈಡ್ ಅಲ್ಲಿರುತ್ತಾನೆ. ಮಾರ್ಜಿನ್ ಎಷ್ಟು, ಬೈಂಡಿಂಗಿನ ಬಣ್ಣ ಯಾವುದು, ಬಂಗಾರದ ಅಕ್ಷರ ಎಷ್ಟು ದಪ್ಪ, ಎಲ್ಲ ಅವನಿಗೇ ಗೊತ್ತು. ಕೃತಜ್ಞತೆಯ ಪುಟ ಅವನ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತದೆ. ಹೆಸರು ಬದಲಿಸಿದರೆ ಆಯಿತು. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಬೇರೆ ಯಾರದೋ ಧರ್ಮಪತ್ನಿಗೆ ಚಿರಋಣಿಯಾಗಿಬಿಟ್ಟಿದ್ದ. ಅವನಿಗಿನ್ನೂ ಮದುವೆಯೇ ಆಗಿರಲಿಲ್ಲ. ಯುಜಿಸಿ 2018ರಲ್ಲಿ ಕೃತಿಚೌರ್ಯದ ನಿಯಮ ತಂದು, ಶೇ. 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ ಎಂದಿತು. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪಾದ ಕನ್ನಡ ಆ ಹೋಲಿಕೆ ಹುಡುಕುವ ಯಂತ್ರದ ಕಣ್ಣಿಗೆ ಬರೀ ಕಾಗೆ ಕಾಲು ಗುಬ್ಬಿ ಕಾಲು. ಹಾಗಾಗಿ ಧರ್ಮಪತ್ನಿಯವರು ಯಂತ್ರದ ಕೈಗೆ ಸಿಗಲಿಲ್ಲ, ನನ್ನ ಕೈಗೆ ಸಿಕ್ಕರು.

ಇಲ್ಲಿ ಮಹಮೂದ್ ಗವಾನನ ಮಾತು ಹೇಳದಿದ್ದರೆ ಬೀದರದ ಅಧ್ಯಾಪಕನಾಗಿ ಪ್ರಯೋಜನವಿಲ್ಲ. ಇರಾನಿನ ಗೀಲಾನಿನಿಂದ ಬಂದವನು, ಬಹಮನಿಗಳ ಪ್ರಧಾನಿ, 1472ರಲ್ಲಿ ಮದರಸಾ ಕಟ್ಟಿಸಿದವನು. ಪತ್ರಬರವಣಿಗೆಯ ಕಲೆಯ ಮೇಲೆ ಗ್ರಂಥ ಬರೆದ ಆ ಪಂಡಿತನ ತಲೆ ಹೋದದ್ದು ಒಂದು ಪತ್ರದಿಂದಲೇ. ದರಬಾರಿನ ವೈರಿಗಳು ಅವನ ಮೊಹರು ಕಾಯುವವನನ್ನು ಒಲಿಸಿ ಖಾಲಿ ಕಾಗದಕ್ಕೆ ಮೊಹರು ಹಾಕಿಸಿಕೊಂಡರು. ಒಡಿಶಾದ ರಾಜನಿಗೆ ಬರೆದ ದ್ರೋಹದ ಪತ್ರವೆಂದು ಅದರ ಮೇಲೆ ಏನೇನೋ ತುಂಬಿ ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಅವನನ್ನು ಕೊಲ್ಲಿಸಿದ ಸುಲ್ತಾನ ಆಮೇಲೆ ಪಶ್ಚಾತ್ತಾಪಪಟ್ಟ. ಪ್ರಬಂಧ ಸಲ್ಲಿಸುವ ಕೊನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ, "ಸರ್, ಸರ್ಟಿಫಿಕೇಟಿಗೆ ಮೊದಲ ಒಂದು ಸಹಿ ಹಾಕ್ರಿ, ಉಳಿದದ್ದು ನಾ ತುಂಬ್ಕೋತೀನಿ" ಎಂದು ವಿದ್ಯಾರ್ಥಿ ಬಂದು ನಿಂತಾಗಲೆಲ್ಲ ನನಗೆ ಆ ಮದರಸಾದ ಮಿನಾರು ಕಣ್ಣ ಮುಂದೆ ಬರುತ್ತದೆ. ಪೂರ್ತಿ ಓದದೆ ಸಹಿ ಹಾಕುವುದಿಲ್ಲ. ಹುಡುಗರು ಇದಕ್ಕೆ ನನ್ನನ್ನು ಕಠಿಣ ಮನುಷ್ಯ ಎನ್ನುತ್ತಾರಂತೆ. ಗವಾನನಿಗೆ ಹೋಲಿಸಿದರೆ ಸಲೀಸಾಗಿ ಪಾರಾಗಿದ್ದೇನೆ.

ಗೈಡುಗಳ ಸಂಖ್ಯೆಯೂ ಕಡಿಮೆ, ಒಬ್ಬೊಬ್ಬರು ತೆಗೆದುಕೊಳ್ಳುವ ವಿದ್ಯಾರ್ಥಿಗಳಿಗೂ ಮಿತಿ ಇದೆ. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರಿಗೆ 8, ಅಸೋಸಿಯೇಟಿಗೆ 6, ಅಸಿಸ್ಟೆಂಟಿಗೆ 4 ವಿದ್ಯಾರ್ಥಿಗಳು, ಅದಕ್ಕಿಂತ ಹೆಚ್ಚಿಲ್ಲ. ಮೊದಲೆಲ್ಲ ಸಂಶೋಧನೆಯ ಪ್ರತಿಯೊಂದು ಕಾಗದಕ್ಕೂ ಕಲಬುರಗಿಗೆ ಹೋಗಬೇಕಿತ್ತು; ಗುಲಬರ್ಗಾ ವಿಶ್ವವಿದ್ಯಾಲಯ 1980ರದು. ಬೀದರ–ಕಲಬುರಗಿ ರೈಲು ಹಳಿ 2017ರಲ್ಲಿ ಪೂರ್ತಿಯಾಗುವವರೆಗೆ ಬಸ್ಸೇ ಗತಿ. 2023ರಲ್ಲಿ ಬೀದರಕ್ಕೇ ವಿಶ್ವವಿದ್ಯಾಲಯ ಬಂತು, ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸರಕಾರದಲ್ಲಿ ನಡೆದಾಗ ಆ ಪಟ್ಟಿಯಲ್ಲಿ ಬೀದರ ಇರಲಿಲ್ಲ. ಔರಾದ ಹುಡುಗನಿಗೆ ಫೋನು ಮಾಡಿ, ಪಟ್ಟಿಯಲ್ಲಿ ಇಲ್ಲದಿರುವುದೂ ಕೆಲವೊಮ್ಮೆ ಒಳ್ಳೆಯದಪ್ಪಾ ಎಂದೆ.

ಕಡೆಗೆ ಓದುಗರಲ್ಲಿ ಒಂದು ವಿನಂತಿ. ಔರಾದ, ಭಾಲ್ಕಿ, ಕಮಲನಗರದ ಕಡೆ ಹೆಗಲಿಗೆ ಬ್ಯಾಗು, ಕೈಯಲ್ಲಿ ಜೆರಾಕ್ಸ್ ಹಾಳೆಗಳ ಕಟ್ಟು ಹಿಡಿದು ಹುಡುಗನೋ ಹುಡುಗಿಯೋ ನಿಮ್ಮ ಅಂಗಳಕ್ಕೆ ಬಂದರೆ, ಸಾಲ ವಸೂಲಿಯವರೆಂದು ಕದ ಹಾಕಿಕೊಳ್ಳಬೇಡಿ. ಬೆಳಿಗ್ಗೆ ಎಲ್ಲೋ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡಿ, ಮಧ್ಯಾಹ್ನದ ಬಸ್ಸಿಗೆ ನಿಂತುಕೊಂಡೇ ಬಂದವರು ಅವರು. ಒಂದು ಕಪ್ಪು ಚಹಾ ಕೊಡಿ, ಎಲ್ಲದಕ್ಕೂ 'ಹೌದು' ಅನ್ನದೆ ಇದ್ದದ್ದು ಇದ್ದಂಗೆ ಹೇಳಿ. ಅಧ್ಯಕ್ಷರನ್ನು ಕೇಳಿಕೊಂಡು ಬಂದಿದ್ದರೆ, ದಯವಿಟ್ಟು ಅಧ್ಯಕ್ಷರನ್ನೇ ಹೊರಗೆ ಕರೆಯಿರಿ.